ಕಾರು ತೊಳೆಯುವ ಯಂತ್ರ ಮತ್ತು ನಮ್ಮ ಬಾವಿ

ಕಾಲೇಜಿನ ಸಂಚಿಕೆಗೆ ಲೇಖನ ಕೊಡಿ ಎಂದರೆ ನಮ್ಮಲ್ಲಿ ಹೆಚ್ಚಿನವರು ಸಮಯದ ಮಹತ್ವ, ತಾಯಿಯ ಪ್ರೀತಿ, ಮೊಬೈಲಿನ ದುಷ್ಪರಿಣಾಮ ಈ ಮೂರರಲ್ಲಿ ಒಂದನ್ನು ಆರಿಸಿಕೊಳ್ಳುತ್ತೇವೆ. ನಾನು ಪ್ರೆಶರ್ ವಾಷರ್ ಬಗ್ಗೆ ಬರೆಯುತ್ತೇನೆ ಎಂದಾಗ ಗೆಳತಿಯರು ನಕ್ಕರು. "ಅದರಲ್ಲಿ ಬರೆಯಲಿಕ್ಕೆ ಎಂತ ಉಂಟು? ಅಂಗಡಿಗೆ ಹೋಗುವುದು, ದುಡ್ಡು ಕೊಡುವುದು, ತರುವುದು" ಎಂದಳು ಒಬ್ಬಳು. ಆದರೆ ಕಾರು ತೊಳೆಯುವ ಆ ಯಂತ್ರವನ್ನು ಆರಿಸಲು ನಮ್ಮ ಮನೆಯಲ್ಲಿ ಸುಮಾರು ಎರಡು ತಿಂಗಳು ಹಿಡಿಯಿತು. ಪ್ರಥಮ ಪಿಯುಸಿಯಲ್ಲಿ ಅಂಕಕ್ಕಾಗಿ ಕಲಿತ ಭೌತಶಾಸ್ತ್ರದ ಎರಡು ಪಾಠಗಳು ಮನೆಯ ಅಂಗಳದಲ್ಲಿ ಉಪಯೋಗಕ್ಕೆ ಬಂದದ್ದು ಆಗಲೇ. ಅದಕ್ಕಾಗಿ ಈ ಲೇಖನ.

ನನ್ನ ಅಬ್ಬ ಟೂರಿಸ್ಟ್ ಕಾರು ಓಡಿಸುತ್ತಾರೆ. ಗಲ್ಫ್‌ಗೆ ಹೋಗುವವರನ್ನು ಬಜ್ಪೆ ವಿಮಾನ ನಿಲ್ದಾಣಕ್ಕೆ ಬಿಡುವುದು, ರೋಗಿಗಳನ್ನು ದೇರಳಕಟ್ಟೆಯ ಆಸ್ಪತ್ರೆಗಳಿಗೆ ಕರೆದೊಯ್ಯುವುದು, ಮದುವೆಯ ಬಾಡಿಗೆ, ಇವೇ ಅವರ ಕೆಲಸ. ಬಾಡಿಗೆಯ ಕಾರು ಕೊಳೆಯಾಗಿದ್ದರೆ ಒಮ್ಮೆ ಹತ್ತಿದವರು ಮತ್ತೆ ಕರೆಯುವುದಿಲ್ಲ. ಮಳೆಗಾಲದಲ್ಲಂತೂ ಒಂದು ಸಲ ಒಳರಸ್ತೆಗೆ ಹೋಗಿ ಬಂದರೆ ಬಾಗಿಲಿನ ಅರ್ಧದವರೆಗೆ ಕೆಂಪು ಮಣ್ಣು. ಮಡ್‌ಗಾರ್ಡಿನ ಒಳಗೆ ಹಿಡಿದ ಕೆಸರು ಒಣಗಿ ಗಟ್ಟಿಯಾದರೆ ಕೈಯಿಂದ ತೆಗೆಯುವುದು ಸುಲಭವಲ್ಲ. ವಾರಕ್ಕೆ ಮೂರು ಸಲವಾದರೂ ತೊಳೆಯಲೇಬೇಕು.

ಹಲವು ವರ್ಷ ಅವರು ಅದನ್ನು ಬಕೆಟ್ ಮತ್ತು ಬಟ್ಟೆಯಲ್ಲೇ ಮಾಡಿದರು. ಬಾವಿಯ ಪಕ್ಕದ ನಲ್ಲಿಯಿಂದ ಕಾರಿನವರೆಗೆ ಮೂರು ನಾಲ್ಕು ಬಕೆಟ್ ನೀರು ಹೊರುವುದು, ಬಗ್ಗಿ ಚಕ್ರಗಳನ್ನು ಉಜ್ಜುವುದು. ಕಳೆದ ವರ್ಷ ಅವರ ಸೊಂಟದ ನೋವು ಜೋರಾಯಿತು. ಬೆನ್ನುಮೂಳೆಯ ಡಿಸ್ಕ್ ಸ್ವಲ್ಪ ಸರಿದಿದೆ, ಬಗ್ಗಿ ಭಾರ ಎತ್ತಬಾರದು ಎಂದು ವೈದ್ಯರು ಹೇಳಿದರು. ದಿನಕ್ಕೆ ಎಂಟು ಹತ್ತು ಗಂಟೆ ಸ್ಟೇರಿಂಗ್ ಹಿಡಿದು ಕೂರುವವರಿಗೆ ಸೊಂಟ ಹೋದರೆ ದುಡಿಮೆಯೇ ಹೋದಂತೆ. ಅಬ್ಬ ನೋವನ್ನು ಬಾಯಿಬಿಟ್ಟು ಹೇಳುವವರಲ್ಲ. ಆದರೆ ಸುಬ್‌ಹಿ ನಮಾಝ್ ಮುಗಿಸಿ ಅಂಗಳಕ್ಕೆ ಇಳಿದವರು ಬಕೆಟ್ ಎತ್ತುವ ಮೊದಲು ಒಂದು ಕ್ಷಣ ಗೋಡೆ ಹಿಡಿದು ನಿಲ್ಲುತ್ತಿದ್ದುದನ್ನು ಉಮ್ಮ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದರು.

ಹಾಗಾಗಿ ಅಬ್ಬ ಬಕೆಟ್ ಬಿಟ್ಟು ಪೈಪ್ ಹಿಡಿದರು. ಪಂಪಿಗೆ ಅರ್ಧ ಇಂಚಿನ ಹಸಿರು ಪೈಪ್ ಸಿಕ್ಕಿಸಿದರೆ ಬಗ್ಗುವ ಕೆಲಸ ಕಡಿಮೆ. ಸೊಂಟಕ್ಕೆ ಅದು ಒಳ್ಳೆಯದಾಯಿತು. ಆದರೆ ಭಾರ ಸೊಂಟದಿಂದ ಇಳಿದು ಬಾವಿಯ ಮೇಲೆ ಬಿತ್ತು.

ನಮ್ಮ ಬಾವಿಯ ವಿಷಯ ಹೇಳಲೇಬೇಕು. ಅದು ನಮ್ಮದು ಮಾತ್ರವಲ್ಲ. ಎರಡು ಜಾಗದ ಗಡಿಯಲ್ಲಿ ಇರುವ ಬಾವಿ. ಅರ್ಧ ಕಟ್ಟೆ ನಮ್ಮ ಕಡೆ, ಅರ್ಧ ಪಕ್ಕದ ಮನೆಯ ಅಕ್ಕನ ಕಡೆ. ಅವರು ಒಬ್ಬರೇ ಇರುವುದು. ನಾಲ್ಕು ಮಲ್ಲಿಗೆ ಗಿಡ, ಒಂದು ದನ. ನಮ್ಮ ಜಿಲ್ಲೆಗೆ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ನಿಜ. ಆದರೆ ಮುರಕಲ್ಲಿನ ನೆಲ ಜರಡಿಯ ಹಾಗೆ. ಬಿದ್ದ ನೀರು ಬೇಗ ಇಳಿದು ತೋಡಿಗೆ, ಹೊಳೆಗೆ, ಸಮುದ್ರಕ್ಕೆ ಹೋಗಿಬಿಡುತ್ತದೆ. ಜುಲೈಯಲ್ಲಿ ಕೈಗೆ ಸಿಗುವಷ್ಟು ಮೇಲಿದ್ದ ನೀರು ಏಪ್ರಿಲ್‌ನಲ್ಲಿ ಎರಡು ಕೋಲಿಗೆ ಇಳಿಯುತ್ತದೆ. 2019ರಲ್ಲಿ ಮತ್ತು 2023ರಲ್ಲಿ ಬೇಸಿಗೆಯ ಕೊನೆಗೆ ನೇತ್ರಾವತಿಯ ತುಂಬೆ ಅಣೆಕಟ್ಟಿನಲ್ಲೇ ನೀರು ತಗ್ಗಿ ಮಂಗಳೂರು ನಗರಕ್ಕೆ ಸರದಿಯ ಮೇಲೆ ನೀರು ಬಿಟ್ಟದ್ದು ನಮಗೆಲ್ಲ ನೆನಪಿದೆ. ನದಿಯ ಪಾಡೇ ಹಾಗಾದರೆ ಬಾವಿಯದ್ದು ಕೇಳಬೇಕೇ?

ಅಬ್ಬ ಪೈಪ್ ಹಿಡಿದ ಮೇಲೆ ಅಕ್ಕ ಒಂದು ಮಾತೂ ಆಡಲಿಲ್ಲ. ಆದರೆ ಪಂಪು ನಿಂತ ಮೇಲೆ ಅವರು ಬಂದು ಕಟ್ಟೆಗೆ ಒರಗಿ ಒಳಗೆ ಇಣುಕಿ ಹೋಗುವುದು ಅಭ್ಯಾಸವಾಯಿತು. ಜಗಳವಾಗಿದ್ದರೆ ಉತ್ತರ ಕೊಡಬಹುದಿತ್ತು. ಇಣುಕಿ ನೋಡುವುದಕ್ಕೆ ಉತ್ತರ ಇರುವುದಿಲ್ಲ. ಉಮ್ಮ ಅಬ್ಬನಿಗೆ ಹೇಳಿದರು: "ಅವರ ದನಕ್ಕೆ ನೀರಿಲ್ಲದ ದಿನ ನಮ್ಮ ಕಾರು ಹೊಳೆದು ಏನು ಪ್ರಯೋಜನ?"

ಎಷ್ಟು ನೀರು ಹೋಗುತ್ತಿದೆ ಎಂದು ನಾನು ಅಳೆದು ನೋಡಿದೆ. 15 ಲೀಟರಿನ ಬಕೆಟ್ಟು ಆ ಪೈಪಿನಿಂದ ತುಂಬಲು 50 ಸೆಕೆಂಡು ಬೇಕಾಯಿತು. ಅಂದರೆ ನಿಮಿಷಕ್ಕೆ 18 ಲೀಟರ್. ಅಬ್ಬ ಕಾರು ತೊಳೆಯುವುದು ಹತ್ತು ನಿಮಿಷ. ಒಟ್ಟು 180 ಲೀಟರ್. ನಮ್ಮ ಬಾವಿಯ ಅಡ್ಡಳತೆ ಎಂಟು ಅಡಿ, ಅಂದರೆ ಸುಮಾರು 2.4 ಮೀಟರ್. ವೃತ್ತದ ವಿಸ್ತೀರ್ಣ ಸುಮಾರು 4.5 ಚದರ ಮೀಟರ್. 180 ಲೀಟರನ್ನು ಅದರಿಂದ ಭಾಗಿಸಿದರೆ ನೀರಿನ ಮಟ್ಟ ನಾಲ್ಕು ಸೆಂಟಿಮೀಟರ್ ಇಳಿಯುತ್ತದೆ. ವಾರಕ್ಕೆ ಮೂರು ಸಲವಾದರೆ 12 ಸೆಂಟಿಮೀಟರ್. ಜುಲೈಯಲ್ಲಿ ಇದು ರಾತ್ರಿ ಕಳೆಯುವುದರೊಳಗೆ ಊರಿ ಬರುತ್ತದೆ. ಏಪ್ರಿಲ್‌ನಲ್ಲಿ ಬರುವುದಿಲ್ಲ. ಅಕ್ಕ ಸುಮ್ಮನೆ ಇಣುಕುತ್ತಿರಲಿಲ್ಲ, ಅವರಿಗೆ ಕಾಣುತ್ತಿತ್ತು.

ಸರ್ವಿಸ್ ಸ್ಟೇಷನ್ನಿನಲ್ಲಿ ತೊಳೆಸಬಹುದಲ್ಲ ಎನ್ನಬಹುದು. ನಮ್ಮ ಪೇಟೆಯಲ್ಲಿ ಒಂದು ಸಲಕ್ಕೆ 350 ರೂಪಾಯಿ. ವಾರಕ್ಕೆ ಮೂರು ಸಲ ಎಂದರೆ ತಿಂಗಳಿಗೆ ನಾಲ್ಕು ಸಾವಿರ ದಾಟುತ್ತದೆ. ಹೀಗೆ ಬಕೆಟ್ಟಿಗೆ ಸೊಂಟ ಒಪ್ಪಲಿಲ್ಲ, ಪೈಪಿಗೆ ಬಾವಿ ಒಪ್ಪಲಿಲ್ಲ, ಸರ್ವಿಸ್ ಸ್ಟೇಷನ್ನಿಗೆ ಕಿಸೆ ಒಪ್ಪಲಿಲ್ಲ. ಆಗ ಪ್ರೆಶರ್ ವಾಷರಿನ ಮಾತು ಬಂತು. ಕಡಿಮೆ ನೀರು, ಬಗ್ಗಬೇಕಾಗಿಲ್ಲ ಎಂದು ಅಬ್ಬನ ಗೆಳೆಯರೊಬ್ಬರು ಹೇಳಿದರು. ಜರ್ಮನಿಯ ಕಾರ್ಚರ್ ಕಂಪೆನಿ 1984ರಲ್ಲೇ ಮನೆಬಳಕೆಗೆ ಹೊತ್ತೊಯ್ಯಬಹುದಾದ ಇಂಥ ಯಂತ್ರವನ್ನು ತಂದಿತ್ತು. ನಮ್ಮ ಪೇಟೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಅದು ಸಾಮಾನ್ಯವಾದದ್ದು ಈಚೆಗೆ. ಅಬ್ಬ ನನಗೆ ಹೇಳಿದರು: "ನೀನು ಸೈನ್ಸ್ ಓದುವುದಲ್ಲ, ಯಾವುದು ಒಳ್ಳೆಯದು ನೋಡು. ಎಂಟು ಸಾವಿರದ ಒಳಗೆ ಇರಬೇಕು."

ಎಂಟು ಸಾವಿರ ರೂಪಾಯಿ ನಮಗೆ ಸಣ್ಣ ಮೊತ್ತವಲ್ಲ. ತಪ್ಪು ಯಂತ್ರ ಬಂದರೆ ಹಣವೂ ಹೋಗಿ ಅಬ್ಬ ಮತ್ತೆ ಬಕೆಟ್ಟು ಎತ್ತಬೇಕಾಗುತ್ತಿತ್ತು. ಹಾಗಾಗಿ ನಾನು ಮೊದಲು ಅಂಕಿಗಳನ್ನು ಓದಲು ಕುಳಿತೆ.

ಯಂತ್ರದ ಪೆಟ್ಟಿಗೆಯ ಮೇಲೆ ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ ಇರುವುದು ಒತ್ತಡ. ಕೆಲವರು ಅದನ್ನು ಬಾರ್‌ನಲ್ಲಿ ಬರೆಯುತ್ತಾರೆ, ಕೆಲವರು ಪಿಎಸ್‌ಐಯಲ್ಲಿ. ಒಂದು ಬಾರ್ ಎಂದರೆ ಒಂದು ಲಕ್ಷ ಪಾಸ್ಕಲ್, ಹೆಚ್ಚುಕಡಿಮೆ ನಮ್ಮ ತಲೆಯ ಮೇಲಿನ ಗಾಳಿಯ ಒತ್ತಡ. ಒಂದು ಬಾರ್ 14.5 ಪಿಎಸ್‌ಐಗೆ ಸಮ. ಪಿಎಸ್‌ಐಯಲ್ಲಿ ಬರೆದರೆ ಅಂಕಿ ದೊಡ್ಡದಾಗಿ ಕಾಣುತ್ತದೆ, ಅಷ್ಟೆ. 1,500 ಪಿಎಸ್‌ಐ ಎಂದರೂ ಸುಮಾರು 103 ಬಾರ್ ಎಂದರೂ ಒಂದೇ. ಕಾರಿನ ಚಕ್ರದಲ್ಲಿ ನಾವು ತುಂಬಿಸುವ ಗಾಳಿ 32 ಪಿಎಸ್‌ಐ, ಸುಮಾರು 2.2 ಬಾರ್. ಮನೆಯ ಮೇಲಿನ ಟ್ಯಾಂಕಿ ನಲ್ಲಿಗಿಂತ ನಾಲ್ಕು ಮೀಟರ್ ಎತ್ತರದಲ್ಲಿದ್ದರೆ ನಲ್ಲಿಯಲ್ಲಿ ಬರುವ ಒತ್ತಡ ಕೇವಲ 0.4 ಬಾರ್. ಇನ್ನು 100 ಬಾರ್ ಎಂದರೆ ಎಷ್ಟು? ಜೋಗ ಜಲಪಾತದ ಎತ್ತರ 253 ಮೀಟರ್. ಅಷ್ಟು ಎತ್ತರದ ಪೈಪಿನಲ್ಲಿ ನೀರು ತುಂಬಿದರೆ ಕೆಳಗಿನ ಒತ್ತಡ 25 ಬಾರ್ ಮಾತ್ರ. ನಾಲ್ಕು ಜೋಗಗಳನ್ನು ಒಂದರ ಮೇಲೊಂದು ಇಟ್ಟರೆ ಸುಮಾರು 100 ಬಾರ್ ಆಗುತ್ತದೆ. ಅಷ್ಟನ್ನು ಒಂದು ಸೂಟ್‌ಕೇಸಿನ ಗಾತ್ರದ ಯಂತ್ರ ಮಾಡುತ್ತದೆ. ಲೆಕ್ಕ ಹಾಕಿದರೆ ಆ ಒತ್ತಡದಲ್ಲಿ ನಾಝಲ್‌ನ ತುದಿಯಿಂದ ನೀರು ಸೆಕೆಂಡಿಗೆ ಸುಮಾರು 140 ಮೀಟರ್ ವೇಗದಲ್ಲಿ, ಅಂದರೆ ಗಂಟೆಗೆ 500 ಕಿಲೋಮೀಟರ್ ವೇಗದಲ್ಲಿ ಹೊರಬರಬೇಕು. ಗಾಳಿಗೆ ತಾಗಿ ಹನಿಯೊಡೆದು ಸ್ವಲ್ಪ ದೂರದಲ್ಲೇ ಆ ವೇಗ ಇಳಿಯುತ್ತದೆ. ಅದಕ್ಕೇ ಯಂತ್ರ ಹಿಡಿಯುವ ದೂರ ಮುಖ್ಯ.

ಕಾರಿಗೆ ಎಷ್ಟು ಬಾರ್ ಬೇಕು? ಹೆಚ್ಚಿದ್ದಷ್ಟು ಒಳ್ಳೆಯದು ಎಂಬುದು ಅಂಗಡಿಯ ಮಾತು. ಕಾರಿನ ಬಣ್ಣ ಸಿಮೆಂಟ್ ನೆಲವಲ್ಲ. 80ರಿಂದ 100 ಬಾರ್ ಕೆಲಸ ಮಾಡುವ ಒತ್ತಡವಿದ್ದರೆ ಕೆಸರು ತೆಗೆಯಲು ಸಾಕು. ಇಲ್ಲಿ ಇನ್ನೊಂದು ವಿಷಯ ಉಂಟು. ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿ ಗರಿಷ್ಠ ಒತ್ತಡ. ನಿಜವಾಗಿ ಕೆಲಸ ಮಾಡುವಾಗಿನ ಒತ್ತಡವನ್ನು ಯಂತ್ರದ ಹಿಂದಿನ ಸಣ್ಣ ಪಟ್ಟಿಯಲ್ಲಿ ಬೇರೆಯಾಗಿ ಬರೆದಿರುತ್ತಾರೆ. ಹೋಲಿಸುವಾಗ ಎರಡು ಯಂತ್ರಗಳ ಒಂದೇ ಬಗೆಯ ಅಂಕಿಯನ್ನು ಹೋಲಿಸಬೇಕು. ಒಂದರ ಗರಿಷ್ಠವನ್ನು ಇನ್ನೊಂದರ ಕೆಲಸದ ಒತ್ತಡದ ಜೊತೆ ಇಟ್ಟರೆ ಲೆಕ್ಕ ಕೆಡುತ್ತದೆ.

ಇಷ್ಟರಲ್ಲಿ ಮೊಬೈಲಿನಲ್ಲಿ ಒಂದು ಜಾಹೀರಾತು ಬಂತು. 1,800 ವ್ಯಾಟ್ ಮೋಟಾರು, 220 ಬಾರ್, ನಿಮಿಷಕ್ಕೆ 10 ಲೀಟರ್, ಬೆಲೆ ಆರು ಸಾವಿರದ ಒಳಗೆ. ಅಬ್ಬನಿಗೆ ಖುಷಿಯಾಯಿತು. ನನಗೆ ಶಕ್ತಿಯ ಪಾಠ ನೆನಪಾಯಿತು. ಒತ್ತಡವನ್ನು ಸೆಕೆಂಡಿಗೆ ಹರಿಯುವ ನೀರಿನ ಗಾತ್ರದಿಂದ ಗುಣಿಸಿದರೆ ನೀರಿಗೆ ಸಿಗುವ ಶಕ್ತಿ ವ್ಯಾಟ್‌ನಲ್ಲಿ ಬರುತ್ತದೆ. ಸುಲಭವಾಗಿ ಹೇಳುವುದಾದರೆ, ಬಾರ್ ಅನ್ನು ನಿಮಿಷದ ಲೀಟರಿನಿಂದ ಗುಣಿಸಿ 0.6ರಿಂದ ಭಾಗಿಸಿ. 100 ಬಾರ್, 6 ಲೀಟರ್ ಆದರೆ 1,000 ವ್ಯಾಟ್. ಜಾಹೀರಾತಿನ ಯಂತ್ರಕ್ಕೆ ಲೆಕ್ಕ ಹಾಕಿದೆ: 220ನ್ನು 10ರಿಂದ ಗುಣಿಸಿ 0.6ರಿಂದ ಭಾಗಿಸಿದರೆ 3,600 ವ್ಯಾಟಿಗೂ ಹೆಚ್ಚು. ಮೋಟಾರು ಕರೆಂಟಿನಿಂದ ತೆಗೆದುಕೊಳ್ಳುವುದು 1,800, ನೀರಿಗೆ ಕೊಡುವುದು 3,600! ಹಾಗಾದರೆ ಉಳಿದ ಅರ್ಧ ಎಲ್ಲಿಂದ ಬಂತು? ಶಕ್ತಿಯನ್ನು ಸೃಷ್ಟಿಸಲು ಸಾಧ್ಯವಿಲ್ಲ ಎಂದು ನಾವು ಓದಿದ್ದೇವೆ. ಅದರ ಮೇಲೆ ಮೋಟಾರಿನಲ್ಲಿ, ಪಂಪಿನಲ್ಲಿ ಬಿಸಿಯಾಗಿ ಹೋಗುವುದೂ ಇದೆ. ಆ ಯಂತ್ರವನ್ನು ನೋಡದೆಯೇ, ಮುಟ್ಟದೆಯೇ, ಅದರ ಮೇಲಿನ ಅಂಕಿ ಸುಳ್ಳು ಎಂದು ಒಂದು ಗುಣಾಕಾರ ಹೇಳಿತು.

ಪರೀಕ್ಷೆಗಾಗಿ ಬೇರೆ ಯಂತ್ರಗಳನ್ನೂ ಅದೇ ತಕ್ಕಡಿಗೆ ಹಾಕಿದೆ. ಕಾರ್ಚರ್‌ನ ಕೆ2 ಮಾದರಿ 1,400 ವ್ಯಾಟ್, ಗರಿಷ್ಠ 110 ಬಾರ್, ಗಂಟೆಗೆ ಗರಿಷ್ಠ 360 ಲೀಟರ್, ಅಂದರೆ ನಿಮಿಷಕ್ಕೆ 6. ಲೆಕ್ಕಕ್ಕೆ 1,100 ವ್ಯಾಟ್ ಬರುತ್ತದೆ. ಗರಿಷ್ಠ ಒತ್ತಡವೂ ಗರಿಷ್ಠ ಹರಿವೂ ಒಟ್ಟಿಗೆ ಸಿಗುವುದಿಲ್ಲವಾದ್ದರಿಂದ ನಿಜವಾದದ್ದು ಇನ್ನೂ ಕಡಿಮೆ. 1,400ರ ಒಳಗೆ ಬಂತು, ನಂಬಬಹುದು. ಬ್ಯಾಟರಿಯ ಗನ್ನುಗಳನ್ನೂ ನೋಡಿದೆ. 20 ವೋಲ್ಟ್, 2 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಇರುವುದು 40 ವ್ಯಾಟ್-ಅವರ್. 1,000 ವ್ಯಾಟಿನ ಕೆಲಸ ಅದರಿಂದ ಮಾಡಿಸಿದರೆ ಎರಡೂವರೆ ನಿಮಿಷಕ್ಕೆ ಖಾಲಿ. ಹಾಗಾಗಿ ಅವುಗಳ ಒತ್ತಡ ಕಡಿಮೆಯೇ ಇರಬೇಕಾಗುತ್ತದೆ. ಬೈಕಿನ ಧೂಳಿಗೆ ಸಾಕು, ಟೂರಿಸ್ಟ್ ಕಾರಿನ ಕೆಸರಿಗೆ ಸಾಲದು.

ಸೌದಿಯಲ್ಲಿರುವ ಮಾಮ ಫೋನಿನಲ್ಲಿ, "ನಾನು ಬರುವಾಗ ಇಲ್ಲಿಂದಲೇ ಒಳ್ಳೆಯದನ್ನು ತರುತ್ತೇನೆ" ಎಂದರು. ಮಾಮನ ಪ್ರೀತಿ ದೊಡ್ಡದು. ಆದರೆ ಸೌದಿಯ ಕರೆಂಟು 60 ಹರ್ಟ್ಸ್, ನಮ್ಮದು 50. ಇಂಡಕ್ಷನ್ ಮೋಟಾರಿನ ವೇಗ ಈ ಅಂಕಿಯನ್ನೇ ಅವಲಂಬಿಸಿರುತ್ತದೆ. ಅಲ್ಲಿಯದು ಇಲ್ಲಿ ನಿಧಾನವಾಗಿ ತಿರುಗುತ್ತದೆ. ವಾರಂಟಿಯೂ ಇಲ್ಲಿ ನಡೆಯುವುದು ಕಷ್ಟ, ಲಗೇಜಿನ ತೂಕ ಬೇರೆ. "ಹಾಗಾದರೆ ಖರ್ಜೂರ ತರುತ್ತೇನೆ, ಅದಕ್ಕೆ ಹರ್ಟ್ಸ್ ಇಲ್ಲ" ಎಂದು ಮಾಮ ನಕ್ಕರು.

ಮೋಟಾರಿನಲ್ಲಿ ಎರಡು ಬಗೆ. ಕಾರ್ಬನ್ ಬ್ರಷ್ ಇರುವುದು ಹಗುರ, ಅಗ್ಗ, ಆದರೆ ಸದ್ದು ಜೋರು. ಬ್ರಷ್ ಸವೆದಾಗ ಬದಲಿಸಬೇಕು. ಇಂಡಕ್ಷನ್ ಮೋಟಾರು ಭಾರ, ಸದ್ದು ಕಡಿಮೆ, ಬಾಳಿಕೆ ಹೆಚ್ಚು, ಬೆಲೆಯೂ ಹೆಚ್ಚು. ದಿನವಿಡೀ ಓಡಿಸುವವರಿಗೆ ಎರಡನೆಯದೇ ಸರಿ. ವಾರಕ್ಕೆ ಅರ್ಧ ಗಂಟೆ ಓಡಿಸುವ ನಮಗೆ, ಸೊಂಟನೋವಿರುವ ಅಬ್ಬ ಎತ್ತಿಡಬೇಕಾದ ಯಂತ್ರಕ್ಕೆ, ಹಗುರವಾದದ್ದೇ ಸರಿ ಎಂದು ತೀರ್ಮಾನಿಸಿದೆವು. ಚಕ್ರವಿರುವ, ಹಿಡಿ ಉದ್ದವಿರುವ ಮಾದರಿಯನ್ನೇ ನೋಡಿದೆವು. ಹೋಸ್ ಐದು ಮೀಟರಿಗಿಂತ ಗಿಡ್ಡವಾದರೆ ಕಾರಿನ ಸುತ್ತ ಯಂತ್ರವನ್ನು ಎಳೆದಾಡಬೇಕು, ಅದೂ ಸೊಂಟಕ್ಕೆ ಕಷ್ಟ. ಟ್ರಿಗರ್ ಬಿಟ್ಟ ಕೂಡಲೇ ಮೋಟಾರು ತಾನಾಗಿ ನಿಲ್ಲುವ ವ್ಯವಸ್ಥೆ ಇದೆಯೇ ಎಂದೂ ಕೇಳಿದೆವು.

ಕರೆಂಟಿನ ವಿಷಯವನ್ನು ಯಾರೂ ಹೇಳುವುದಿಲ್ಲ. 1,500 ವ್ಯಾಟನ್ನು 230 ವೋಲ್ಟಿನಿಂದ ಭಾಗಿಸಿದರೆ 6.5 ಆಂಪಿಯರ್. ಮೊಬೈಲ್ ಚಾರ್ಜ್ ಮಾಡುವ ಸಾಮಾನ್ಯ ಸಾಕೆಟ್ಟಿನ ಮಿತಿ 6. ಆದ್ದರಿಂದ ಫ್ರಿಜ್, ಗೀಸರಿಗೆ ಇರುವ 16 ಆಂಪಿಯರಿನ ಪಾಯಿಂಟೇ ಬೇಕು. ತೆಳ್ಳಗಿನ ಎಕ್ಸ್‌ಟೆನ್ಶನ್ ವಯರು ಬಿಸಿಯಾಗುತ್ತದೆ. ನೀರೂ ಕರೆಂಟೂ ಒಂದೇ ಅಂಗಳದಲ್ಲಿ ಇರುವಾಗ ಅರ್ಥಿಂಗ್ ಸರಿಯಿರಬೇಕು. ಸೋರಿಕೆಯಾದ ಕೂಡಲೇ ಕರೆಂಟು ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿಯೂ ಇರಬೇಕು. ನಾವು ಯಂತ್ರ ತರುವ ಮೊದಲು ಎಲೆಕ್ಟ್ರಿಶಿಯನ್ನರನ್ನು ಕರೆಸಿ ಸಿಟ್‌ಔಟಿನಲ್ಲಿ ಒಂದು 16 ಆಂಪಿಯರಿನ ಪಾಯಿಂಟ್ ಮಾಡಿಸಿದೆವು. ಎಂಟು ಸಾವಿರದ ಲೆಕ್ಕದಲ್ಲಿ ಇದನ್ನೂ ಸೇರಿಸಿಕೊಳ್ಳಬೇಕು.

ಇನ್ನು ನೀರು. ಇದೇ ನನಗೆ ಮುಖ್ಯವಾಗಿದ್ದುದು. ಪ್ರೆಶರ್ ವಾಷರ್ ನೀರು ಉಳಿಸುತ್ತದೆ ಎಂದು ಎಲ್ಲ ಕಡೆ ಬರೆದಿರುತ್ತದೆ. ಯಾವುದಕ್ಕೆ ಹೋಲಿಸಿ? ಪೈಪಿಗೆ ಹೋಲಿಸಿದರೆ ನಿಜ. ನಿಮಿಷಕ್ಕೆ 18 ಲೀಟರ್ ಎಲ್ಲಿ, 6 ಲೀಟರ್ ಎಲ್ಲಿ. ಆದರೆ ಅಬ್ಬನ ಹಳೆಯ ಬಕೆಟ್ ಲೆಕ್ಕ ಮೂರೂವರೆ ಬಕೆಟ್, ಸುಮಾರು 50 ಲೀಟರ್. ಯಂತ್ರದ ಟ್ರಿಗರನ್ನು ಎಂಟು ನಿಮಿಷ ಒತ್ತಿದರೆ 48 ಲೀಟರ್. ಅಂದರೆ ಬಕೆಟ್ಟಿಗಿಂತ ಹೆಚ್ಚೇನೂ ಉಳಿಯಲಿಲ್ಲ. ಇನ್ನು ನೀರು ಚಿಮ್ಮುವ ಖುಷಿಯಲ್ಲಿ ಇಪ್ಪತ್ತು ನಿಮಿಷ ಒತ್ತಿದರೆ 120 ಲೀಟರ್. ನೀರು ಉಳಿಸುವುದು ಯಂತ್ರವಲ್ಲ, ಟ್ರಿಗರಿನ ಮೇಲಿನ ಬೆರಳು.

ಬೆರಳಿಗೆ ಮಿತಿ ಹಾಕುವುದು ಹೇಗೆ? ಉತ್ತರ ಯಂತ್ರದ ಪುಸ್ತಿಕೆಯಲ್ಲೇ ಸಿಕ್ಕಿತು. ಕೆಲವು ಯಂತ್ರಗಳು ನಲ್ಲಿಯ ಸಹಾಯವಿಲ್ಲದೆ, ನೆಲದ ಮೇಲಿಟ್ಟ ಡ್ರಮ್ಮಿನಿಂದ ತಾವೇ ನೀರು ಎಳೆದುಕೊಳ್ಳುತ್ತವೆ. ಟ್ಯಾಂಕಿಯ ಒತ್ತಡ ಕಡಿಮೆಯಿರುವ ಮನೆಗಳಿಗೆ ಇದು ಹೇಗೂ ಒಳ್ಳೆಯದು. ಏಕೆಂದರೆ ಯಂತ್ರ ಬೇಡುವಷ್ಟು ನೀರು ನಲ್ಲಿಯಿಂದ ಬಾರದಿದ್ದರೆ ಪಂಪಿನೊಳಗೆ ಗುಳ್ಳೆಗಳೆದ್ದು ಅದು ಬೇಗ ಹಾಳಾಗುತ್ತದೆ. ಆದರೆ ನನಗೆ ಡ್ರಮ್ಮು ಇಷ್ಟವಾದದ್ದು ಬೇರೆ ಕಾರಣಕ್ಕೆ. ಡ್ರಮ್ಮಿಗೆ ತಳ ಇದೆ. 50 ಲೀಟರಿನ ಡ್ರಮ್ಮು ತುಂಬಿಸಿ ಇಟ್ಟರೆ, ಅದು ಮುಗಿದಲ್ಲಿಗೆ ಕಾರು ತೊಳೆಯುವುದೂ ಮುಗಿಯಿತು. ನಲ್ಲಿಗೆ ಸಿಕ್ಕಿಸಿದರೆ ಬಾವಿಯ ತಳ ಕಾಣುವವರೆಗೆ ಯಾರೂ ನಿಲ್ಲಿಸುವುದಿಲ್ಲ.

ಮದ್ರಸದಲ್ಲಿ ನಾವೆಲ್ಲ ಕಲಿತಿದ್ದೇವೆ. ಪ್ರವಾದಿ ಮುಹಮ್ಮದ್ (ಸ) ಅವರು ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರು, ಒಂದು ಸಾಅ್‌ನಿಂದ ಐದು ಮುದ್ದ್‌ವರೆಗಿನ ನೀರಿನಲ್ಲಿ ಸ್ನಾನ ಮುಗಿಸುತ್ತಿದ್ದರು ಎಂದು ಹದೀಸ್‌ಗಳಲ್ಲಿ ಬಂದಿದೆ. ಒಂದು ಮುದ್ದ್ ಎಂದರೆ ಎರಡೂ ಕೈ ಕೂಡಿಸಿದ ಒಂದು ಬೊಗಸೆ ಹಿಡಿಯುವಷ್ಟು, ಸುಮಾರು ಮುಕ್ಕಾಲು ಲೀಟರ್. ಚಿಕ್ಕವಳಿದ್ದಾಗ ಇದನ್ನು ಕೇಳಿ ಅದು ನೀರಿಲ್ಲದ ಮರಳುಗಾಡಿನ ಲೆಕ್ಕ ಎಂದುಕೊಂಡಿದ್ದೆ. ಈಗ ಯೋಚಿಸಿದರೆ ಅಲ್ಲಿ ಮುಖ್ಯವಾದದ್ದು ಅಳತೆ. ನೀರು ಇದೆಯೋ ಇಲ್ಲವೋ ಎಂಬುದಕ್ಕಿಂತ, ಶುರು ಮಾಡುವ ಮೊದಲೇ ಎಷ್ಟು ಸಾಕು ಎಂದು ಗೊತ್ತಿರುವುದು. ನಮ್ಮ ಪೈಪಿನಲ್ಲಿ ಒಂದು ಸಲ ಹೋಗುತ್ತಿದ್ದ 180 ಲೀಟರಿನಲ್ಲಿ, ಮುಕ್ಕಾಲು ಲೀಟರಿನಂತೆ 240 ಮಂದಿ ವುಝೂ ಮಾಡಬಹುದು. ನಮ್ಮ ಮೊಹಲ್ಲಾದ ಮಸೀದಿಯಲ್ಲಿ ಜುಮಾಗೆ ಸೇರುವವರೇ ಅಷ್ಟು. ಇಸ್ರಾಫ್ ಎಂಬ ಪದದ ಅರ್ಥವನ್ನು ಉಸ್ತಾದರು ಎಷ್ಟೋ ಸಲ ಹೇಳಿದ್ದರು. ನನಗೆ ಅದು ಅಂಕಿಯಾಗಿ ಕಂಡದ್ದು ಅವತ್ತು.

ಅಂಗಡಿಯಲ್ಲಿ ನಾನು ಕೇಳಿದ ಪ್ರಶ್ನೆಗಳಿಗೆ ಅಂಗಡಿಯವರು ಬೆವರು ಒರೆಸಿಕೊಂಡರು. "ನೋಡಮ್ಮ, ಇಷ್ಟು ಲೆಕ್ಕ ಕೇಳಿ ಯಾರೂ ಮಷೀನ್ ತೆಗೆದುಕೊಳ್ಳುವುದಿಲ್ಲ" ಎಂದರು. ಆದರೆ ಒಳ್ಳೆಯವರು, ಹಿಂದಿನ ಕೋಣೆಯಲ್ಲಿ ಒಂದು ಬಕೆಟ್ ನೀರಿಟ್ಟು ಓಡಿಸಿ ತೋರಿಸಿದರು. ಒಂದು ಯಂತ್ರ ನೀರು ಎಳೆಯಲಿಲ್ಲ. ಇನ್ನೊಂದು, ಪೈಪಿನಲ್ಲಿ ಮೊದಲೇ ನೀರು ತುಂಬಿಸಿದ ಮೇಲೆ ಸರಾಗವಾಗಿ ಎಳೆಯಿತು. 1,500 ವ್ಯಾಟ್, ಗರಿಷ್ಠ 120 ಬಾರ್, ಕೆಲಸದ ಒತ್ತಡ 90. ಬಿಡಿಭಾಗ ಮತ್ತು ಸರ್ವಿಸ್ ಸೆಂಟರ್ ಮಂಗಳೂರಿನಲ್ಲೇ ಇದೆ ಎಂದು ಅವರ ಎದುರಲ್ಲೇ ಫೋನ್ ಮಾಡಿ ಖಚಿತಪಡಿಸಿಕೊಂಡೆವು. ಬೆಲೆ 7,400 ರೂಪಾಯಿ. ಸರ್ವಿಸ್ ಸ್ಟೇಷನ್ನಿನ 21 ಸಲದ ಖರ್ಚು.

ಮನೆಗೆ ತಂದು ಮೊದಲು ಮಾಡಿದ ಕೆಲಸ ಅಳೆಯುವುದು. ಬಕೆಟ್ಟಿನಿಂದ 15 ಲೀಟರ್ ಖಾಲಿಯಾಗಲು 2 ನಿಮಿಷ 44 ಸೆಕೆಂಡು ಬೇಕಾಯಿತು. ನಿಮಿಷಕ್ಕೆ ಐದೂವರೆ ಲೀಟರ್. ಪಟ್ಟಿಯ ಮೇಲಿನ ಅಂಕಿಗೆ ಹತ್ತಿರವೇ ಇತ್ತು.

ಬಳಸುವ ಕ್ರಮವನ್ನೂ ಹೇಳುತ್ತೇನೆ, ಕಾರು ಬೈಕು ಇರುವ ನಮ್ಮ ಉಪನ್ಯಾಸಕರಿಗೂ ಸಹಪಾಠಿಗಳಿಗೂ ಉಪಯೋಗವಾಗಬಹುದು. ಬಿಸಿಲಿನಲ್ಲಿ ತೊಳೆಯಬಾರದು, ಸೋಪು ಒಣಗಿ ಕಲೆಯಾಗುತ್ತದೆ. ನಾಝಲ್ಲನ್ನು ಬೀಸಣಿಗೆಯ ಹಾಗೆ ಅಗಲವಾಗಿ ಹರಡುವಂತೆ ಇಡಬೇಕು. ಒಂದೇ ಗೆರೆಯಾಗಿ ಹೊಡೆಯುವ ನೀರು, ಸುತ್ತುವ ನಾಝಲ್ಲು ಅಂಗಳಕ್ಕೆ ಮಾತ್ರ. ಬಣ್ಣದಿಂದ ಕನಿಷ್ಠ ಒಂದು ಅಡಿ ದೂರ ಹಿಡಿಯಬೇಕು. ಚಕ್ರದ ಬದಿ, ರೇಡಿಯೇಟರಿನ ತೆಳು ರೆಕ್ಕೆಗಳು, ಬಾಗಿಲಿನ ರಬ್ಬರು, ಸ್ಟಿಕ್ಕರು, ಮರುಬಣ್ಣ ಬಳಿದ ಜಾಗ ಇವುಗಳ ಹತ್ತಿರ ಹಿಡಿಯಲೇಬಾರದು. ಬೈಕಿನಲ್ಲಿ ಚೈನು, ಚಕ್ರದ ಬೇರಿಂಗು, ಸ್ವಿಚ್ಚುಗಳಿಗೆ ನೇರ ಹೊಡೆಯಬಾರದು. ಮೊದಲು ಮಡ್‌ಗಾರ್ಡಿನ ಒಳಗಿನ ಕೆಸರು, ಆಮೇಲೆ ಮೇಲಿನಿಂದ ಕೆಳಗೆ. ಬಟ್ಟೆ ಸೋಪಿನ ಪುಡಿ ಬೇಡ, ಕಾರಿನ ಶಾಂಪೂ ಸಾಕು. ನೊರೆ ಹಚ್ಚಿ ಉಜ್ಜುವಾಗ ಯಂತ್ರ ನಿಂತಿರಬೇಕು. ಮುಗಿದ ಮೇಲೆ ಸ್ವಿಚ್ ಆರಿಸಿ, ನೀರು ನಿಲ್ಲಿಸಿ, ಟ್ರಿಗರ್ ಒತ್ತಿ ಉಳಿದ ಒತ್ತಡ ಬಿಡಬೇಕು. ತಮಾಷೆಗೂ ಯಾರ ಮೈಗೂ ಹಿಡಿಯಬಾರದು. ಇಷ್ಟು ಒತ್ತಡದ ನೀರು ಚರ್ಮ ತೂರಿ ಒಳಹೋಗಬಲ್ಲದು. ಹೊರಗೆ ಸಣ್ಣ ಗಾಯ ಕಂಡರೂ ಒಳಗಿನ ಹಾನಿ ದೊಡ್ಡದಾಗಿರುತ್ತದೆ. ನನ್ನ ತಮ್ಮನಿಗೆ ಯಂತ್ರ ಮುಟ್ಟಲು ಇನ್ನೂ ಅನುಮತಿ ಇಲ್ಲ.

ಕಾರು ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ನೋಡಬೇಕು. ಮುರಕಲ್ಲಿನ ಜರಡಿ ಮಳೆನೀರನ್ನು ಮಾತ್ರ ಇಳಿಸುವುದಲ್ಲ, ಸೋಪು ಮತ್ತು ಎಣ್ಣೆಯನ್ನೂ ಇಳಿಸುತ್ತದೆ. ಅದಕ್ಕೆ ಕಾರು ನಿಲ್ಲಿಸುವ ಜಾಗವನ್ನು ಬಾವಿಯಿಂದ ದೂರ, ಗೇಟಿನ ಇಳಿಜಾರಿಗೆ ಬದಲಾಯಿಸಿದೆವು.

ಆರು ತಿಂಗಳಿನಿಂದ ಲೆಕ್ಕ ಬರೆದಿಟ್ಟಿದ್ದೇನೆ. ಒಂದು ಸಲಕ್ಕೆ ಸರಾಸರಿ 44 ಲೀಟರ್, ಬಾವಿಯಲ್ಲಿ ಒಂದು ಸೆಂಟಿಮೀಟರ್. ಕರೆಂಟು ಒಂದು ಸಲಕ್ಕೆ ಒಂದು ಯೂನಿಟ್ಟಿನ ಐದನೇ ಒಂದು ಭಾಗ. ಅಬ್ಬ ಬೆಳಿಗ್ಗೆ ಗೋಡೆ ಹಿಡಿದು ನಿಲ್ಲುವುದಿಲ್ಲ. ಡ್ರಮ್ಮು ತುಂಬಿಸುವುದು ನನ್ನ ಕೆಲಸ. ಕೆಸರಿಲ್ಲದ, ಬರಿಯ ಧೂಳಿನ ದಿನ ಯಂತ್ರ ಹೊರಗೆ ಬರುವುದೂ ಇಲ್ಲ, ಅರ್ಧ ಬಕೆಟ್ ನೀರು ಮತ್ತು ಮೈಕ್ರೋಫೈಬರ್ ಬಟ್ಟೆ ಸಾಕು. ಬಾವಿ ಎರಡು ಕೋಲಿಗೆ ಇಳಿದ ಮೇಲೆ ಮಳೆ ಬರುವವರೆಗೆ ಯಂತ್ರ ಗೋಣಿಯೊಳಗೆ ಎಂದು ಮನೆಯಲ್ಲಿ ಎಲ್ಲರೂ ಸೇರಿ ನಿಶ್ಚಯಿಸಿದ್ದೇವೆ. 2024ರ ಮಾರ್ಚ್‌ನಲ್ಲಿ ನೀರಿನ ಅಭಾವ ಬಂದಾಗ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದು ಆದೇಶ ಮಾಡಿತು. ಆದೇಶ ಬರುವವರೆಗೆ ಕಾಯುವುದಕ್ಕಿಂತ ಮೊದಲೇ ತಿಳಿದು ನಡೆಯುವುದು ಒಳ್ಳೆಯದಲ್ಲವೇ?

ಆಗಸ್ಟ್‌ನಲ್ಲಿ ಪಕ್ಕದ ಮನೆಯ ಅಕ್ಕ ಬಂದರು. ಬಾವಿಗೆ ಇಣುಕಲು ಅಲ್ಲ. ಅವರ ಅಂಗಳದ ಮೆಟ್ಟಿಲಿಗೆ ಪಾಚಿ ಹಿಡಿದು ಕಾಲು ಜಾರುತ್ತಿತ್ತು. "ನಿಮ್ಮ ಆ ಮಷೀನಿನಲ್ಲಿ ಇದು ಹೋಗುತ್ತದಾ?" ಎಂದು ಕೇಳಿದರು. ಅಬ್ಬ ಯಂತ್ರವನ್ನೂ ಡ್ರಮ್ಮನ್ನೂ ಆಚೆ ಸಾಗಿಸಿದರು. ಮೆಟ್ಟಿಲು ಬೆಳ್ಳಗಾಯಿತು. ಡ್ರಮ್ಮಿನ ನೀರು ಮುಗಿದಾಗ ಕೊನೆಯ ಒಂದು ಮೆಟ್ಟಿಲು ಉಳಿದಿತ್ತು. ಅಬ್ಬ ಇನ್ನೊಂದು ಬಕೆಟ್ ತರಲೇ ಎಂದರೆ ಅಕ್ಕ, "ಬೇಡ, ಅದು ನಾಳೆ ಆಗುತ್ತದೆ" ಎಂದರು. ನಮ್ಮ ಮನೆಯ ನಿಯಮವನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಗೆಳೆಯ ಗೆಳತಿಯರೇ, ಯಾವ ಯಂತ್ರ ಕೊಳ್ಳುವುದಿದ್ದರೂ ಪೆಟ್ಟಿಗೆಯ ದೊಡ್ಡ ಅಂಕಿ ನೋಡಿ ಮರುಳಾಗಬೇಡಿ. ಹಿಂದಿನ ಸಣ್ಣ ಪಟ್ಟಿ ಓದಿ, ಒಮ್ಮೆ ಗುಣಿಸಿ ನೋಡಿ. ನಮ್ಮ ಪುಸ್ತಕದ ಸೂತ್ರಗಳು ಪರೀಕ್ಷೆಯ ಕೋಣೆಯ ಹೊರಗೂ ಸತ್ಯವೇ. ಮತ್ತೆ, ನಿಮ್ಮ ಮನೆಯ ಬಾವಿಯ ಅಡ್ಡಳತೆ ಎಷ್ಟು ಎಂದು ಗೊತ್ತೇ? ಇಂದು ಸಂಜೆ ಒಂದು ಹಗ್ಗ ಹಿಡಿದು ಅಳೆದು ನೋಡಿ. ದಿನಕ್ಕೆ ಎಷ್ಟು ಸೆಂಟಿಮೀಟರ್ ನಿಮ್ಮದು, ಎಷ್ಟು ನೆರೆಯವರದು ಎಂದು ಆಮೇಲೆ ನೀವೇ ಲೆಕ್ಕ ಹಾಕಬಹುದು.

– ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ